ಸಿಮಿಯಾನ್‌ನಲ್ಲಿ ತೆಳು ಪ್ಲೇಟ್ ಬರೆಯುವ ಮುಂಚೆ ಇದನ್ನು ಓದಿ

ಅಯಾನ್ ಆಪ್ಟಿಕ್ಸ್ (ಅಯಾನುಗಳನ್ನು ವೋಲ್ಟೇಜ್‌ನಿಂದ ಬಾಗಿಸುವ, ಫೋಕಸ್ ಮಾಡುವ) ಕೆಲಸಕ್ಕೆ ಸಿಮಿಯಾನ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್ ಬಳಸುವ ವಿದ್ಯಾರ್ಥಿಗಳು ದಯವಿಟ್ಟು ಓದಿ. ನಾನು ಮಾಡಿದ ಒಂದು ತಪ್ಪಿಗೆ ನಮ್ಮ ಲ್ಯಾಬ್‌ನ ಮೂರು ತಿಂಗಳು ಹೋಯಿತು.

ಕೆಲಸ ದೊಡ್ಡದೇನಲ್ಲ. ಸೋರ್ಸ್‌ನಿಂದ ಬರುವ ಆರ್ಗಾನ್ ಅಯಾನುಗಳನ್ನು ಮೂರು ಸಿಲಿಂಡರ್‌ಗಳ ಐನ್ಜೆಲ್ ಲೆನ್ಸ್‌ನಿಂದ ಫೋಕಸ್ ಮಾಡಿ, ಅರ್ಧ ಮಿ.ಮೀ. ದಪ್ಪದ ಸ್ಟೀಲ್ ಪ್ಲೇಟಿನ 2 ಮಿ.ಮೀ. ತೂತಿನಲ್ಲಿ ದಾಟಿಸಬೇಕಿತ್ತು. ಗ್ರಿಡ್ ಯೂನಿಟ್, ಅಂದರೆ ಮಾಡೆಲ್‌ನಲ್ಲಿ ಪಕ್ಕಪಕ್ಕದ ಪಾಯಿಂಟ್‌ಗಳ ಅಂತರ, 1 ಮಿ.ಮೀ. ಇಟ್ಟೆ. ಪ್ಲೇಟ್ ಹೇಗೂ ತೆಳು ಅಂತ ಒಂದೇ ಸಾಲು ಪಾಯಿಂಟ್‌ಗಳಲ್ಲಿ ಬರೆದೆ. ರಿಫೈನ್ (ವಿದ್ಯುತ್ ಫೀಲ್ಡಿನ ಲೆಕ್ಕ) ಆಯಿತು, ಅಯಾನುಗಳನ್ನು ಹಾರಿಸಿದೆ. ನೂರಕ್ಕೆ ನೂರೂ ಡಿಟೆಕ್ಟರ್ ಮುಟ್ಟಿದವು. ಮಧ್ಯದ ಸಿಲಿಂಡರ್‌ನ ವೋಲ್ಟೇಜ್ ಆಚೀಚೆ ಮಾಡಿದರೂ ಒಂದೂ ಕಮ್ಮಿ ಆಗಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಲೆನ್ಸಿನ ವೋಲ್ಟೇಜ್ ಬದಲಾದರೆ ಫೋಕಸ್ ಬದಲಾಗಲೇಬೇಕು ಅಲ್ವಾ? ನಾನು ಖುಷಿಯಲ್ಲಿ ಡ್ರಾಯಿಂಗ್ ವರ್ಕ್‌ಶಾಪಿಗೆ ಕಳಿಸಿಬಿಟ್ಟೆ.

ಜೋಡಿಸಿ, ವ್ಯಾಕ್ಯೂಮ್ ಬಂದ ಮೇಲೆ ಬೀಮ್ ಹಾಕಿದರೆ ಡಿಟೆಕ್ಟರ್‌ನಲ್ಲಿ ಸಿಗ್ನಲ್ ಇಲ್ಲವೆನ್ನುವಷ್ಟು ಕಮ್ಮಿ. ಎರಡು ವಾರ ಅಲೈನ್‌ಮೆಂಟ್ ನೋಡಿದೆವು, ಕೇಬಲ್ ಬದಲಾಯಿಸಿದೆವು, ಸೋರ್ಸ್ ಬಿಚ್ಚಿ ತೊಳೆದೆವು. ಕೊನೆಗೆ ನಮ್ಮ ಸರ್, "ಆ ಪ್ಲೇಟ್ ಮೇಲೆ ಎಷ್ಟು ಕರೆಂಟ್ ಬೀಳ್ತಿದೆ ನೋಡಿದ್ಯೇನಪ್ಪಾ?" ಅಂದರು. ಪ್ಲೇಟಿನ ಗ್ರೌಂಡ್ ವೈರ್ ಬಿಚ್ಚಿ, ತೀರಾ ಸಣ್ಣ ಕರೆಂಟ್ ಅಳೆಯುವ ಪಿಕೋಆಮ್ಮೀಟರ್‌ಗೆ ಕೊಟ್ಟೆ. ಬೀಮ್ ಹೆಚ್ಚುಕಮ್ಮಿ ಪೂರ್ತಿ ಅಲ್ಲೇ ಬೀಳುತ್ತಿತ್ತು.

ಆ ರಾತ್ರಿ ಮಾಡೆಲ್ ತೆಗೆದು ಪ್ಲೇಟನ್ನು ಝೂಮ್ ಮಾಡಿ ನೋಡಿದೆ. ತೂತಿನ ಮೇಲೆ, ಕೆಳಗೆ, ಗಟ್ಟಿ ಲೋಹ ಇರಬೇಕಾದ ಜಾಗದಲ್ಲಿ ಅಯಾನುಗಳ ಗೆರೆಗಳು ಎಲ್ಲೂ ನಿಲ್ಲದೆ ದಾಟಿ ಹೋಗಿದ್ದವು. ಸಿಮಿಯಾನ್‌ನಲ್ಲಿ ಒಂದೇ ಪಾಯಿಂಟ್ ದಪ್ಪದ ಎಲೆಕ್ಟ್ರೋಡ್ ಅಂದರೆ ಜಾಲರಿ ಎಂದೇ ಲೆಕ್ಕ. ಫೀಲ್ಡಿನ ಮಟ್ಟಿಗೆ ಅದು ಇದೆ, ಅಯಾನಿನ ಮಟ್ಟಿಗೆ ಇಲ್ಲ. ನಿಜವಾದ ಉಪಕರಣಗಳಲ್ಲಿ ಸಣ್ಣ ಕಣ್ಣಿನ ಮೆಶ್ ಹಾಕಿರುತ್ತಾರಲ್ಲ, ಅದನ್ನು ತೋರಿಸಲು ಬೇಕೆಂದೇ ಇಟ್ಟ ಸೌಲಭ್ಯ ಇದು. ಸಾಫ್ಟ್‌ವೇರ್‌ನದು ಏನೂ ತಪ್ಪಿಲ್ಲ. ಕೈಪಿಡಿಯಲ್ಲಿ ಇದೆ, ನಾನು ಓದಿರಲಿಲ್ಲ. ಅಯಾನನ್ನು ತಡೆಯುವ ಪ್ಲೇಟ್ ಬೇಕಿದ್ದರೆ ಕನಿಷ್ಠ ಎರಡು ಪಾಯಿಂಟ್ ದಪ್ಪ ಕೊಡಿ.

ಹುಡುಕುತ್ತಾ ಹೋದಾಗ ಇನ್ನೂ ಎರಡು ತಪ್ಪು ಸಿಕ್ಕವು. ನನ್ನ ತೂತಿನ ಅರೆವ್ಯಾಸ ಬರೀ ಒಂದು ಗ್ರಿಡ್ ಯೂನಿಟ್. ಅಷ್ಟು ಒರಟು ಗ್ರಿಡ್‌ನಲ್ಲಿ ಅಂಚಿನ ಫೀಲ್ಡ್ ನಂಬುವ ಹಾಗಿಲ್ಲ. ಗ್ರಿಡ್ ಅರ್ಧ ಮಾಡಿ ಮತ್ತೆ ಓಡಿಸಿ, ಉತ್ತರ ಬದಲಾಗದೆ ನಿಲ್ಲುವವರೆಗೂ. ಮೂರು ಆಯಾಮದಲ್ಲಾದರೆ ಪ್ರತಿ ಸಲ ಪಾಯಿಂಟ್‌ಗಳು 8 ಪಟ್ಟು ಆಗುತ್ತವೆ. ಸಿಲಿಂಡರ್ ಆಕಾರವಿದ್ದರೆ ಆ ಸಿಮೆಟ್ರಿ ಬಳಸಿ, 4 ಪಟ್ಟಿನಲ್ಲಿ ಮುಗಿಯುತ್ತದೆ. ಆಮೇಲೆ, ನನ್ನ ಅಯಾನುಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಶಕ್ತಿಯಲ್ಲಿ ಹೊರಟಿದ್ದವು. ಯಾವ ಸೋರ್ಸೂ ಹಾಗಿರುವುದಿಲ್ಲ.

ಈಗ ಯಾವ ಮಾಡೆಲ್ ಶುರು ಮಾಡಿದರೂ ಮೊದಲು ಕೈಲೆಕ್ಕಕ್ಕೆ ಸಿಗುವುದೊಂದನ್ನು ಓಡಿಸುತ್ತೇನೆ. 20 ಮಿ.ಮೀ. ಉದ್ದದ ಎರಡು ಪ್ಲೇಟ್, ನಡುವೆ 10 ಮಿ.ಮೀ. ಅಂತರ, ಒಂದಕ್ಕೆ +50, ಇನ್ನೊಂದಕ್ಕೆ -50 ವೋಲ್ಟ್. ಒಂದು ಚಾರ್ಜಿನ, 1000 ಎಲೆಕ್ಟ್ರಾನ್ ವೋಲ್ಟ್ ಅಯಾನು ಆಚೆ ಬರುವಾಗ ಸುಮಾರು 1 ಮಿ.ಮೀ. ಬಾಗಿರಬೇಕು, ಅದು ಆರ್ಗಾನ್ ಆಗಲಿ, ಝೆನಾನ್ ಆಗಲಿ. ಇದೇ ಬರದಿದ್ದರೆ ಮುಂದಕ್ಕೆ ಹೋಗುವುದಿಲ್ಲ.

ಹೊಸ ಲೆನ್ಸ್ ಈಗ ವರ್ಕ್‌ಶಾಪ್‌ನಲ್ಲಿದೆ. ನನ್ನ ಹಳೇ ಮಾಡೆಲ್ ನೋಡಬೇಕು ಅನ್ನುವವರು ಕೇಳಿ, ಕಳಿಸುತ್ತೇನೆ.