ಬಾತ್‌ರೂಮ್ ಟೈಲ್ಸ್ ಕೆಲಸ: ನಮ್ಮ ಮೇಸ್ತ್ರಿಯ ಬಗ್ಗೆ, ಖರ್ಚಿನ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬಾತ್‌ರೂಮಿಗೆ ಟೈಲ್ಸ್ ಹಾಕಿದ ಮೇಸ್ತ್ರಿಯನ್ನು ಇನ್ನೊಬ್ಬರ ಮನೆಗೆ ಕಳಿಸಲು ನನಗೆ ಯಾವ ಅಳುಕೂ ಇಲ್ಲ. ಅವರು ಹೇಳಿದ ಮೊತ್ತ ನಾವು ವಿಚಾರಿಸಿದವರಲ್ಲಿ ಕಡಿಮೆಯದಾಗಿರಲಿಲ್ಲ. ಆದರೂ ಕೆಲಸ ಅವರಿಗೇ ಕೊಟ್ಟೆವು. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಕೆಲಸದಲ್ಲಿ ದುಡ್ಡು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದು ಬರೀ ಚದರಡಿ ದರ ಕೇಳಿದರೆ ಗೊತ್ತಾಗುವುದಿಲ್ಲ.

ನಮ್ಮ ತೊಂದರೆ ಎರಡಿತ್ತು. ಹಳೆ ಟೈಲ್ಸಿನ ಸಂದಿನಿಂದ ನೀರಿಳಿದು ಪಕ್ಕದ ಕೋಣೆಯ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರುತ್ತಿತ್ತು. ಇನ್ನೊಂದು, ಮೊಣಕಾಲು ನೋವಿರುವ ನಮ್ಮತ್ತೆ ಆ ನುಣುಪು ನೆಲದ ಮೇಲೆ ಗೋಡೆ ಹಿಡಿದೇ ಕಾಲಿಡುತ್ತಿದ್ದರು. ಅಂದದ ಮಾತು ಆಮೇಲೆ, ನೀರು ನಿಲ್ಲಬೇಕು, ಕಾಲು ಜಾರಬಾರದು ಅಂತ ನಾನು ಎಲ್ಲರಿಗೂ ಹೇಳಿದ್ದೆ.

ಅಳತೆಯಿಂದಲೇ ಶುರುಮಾಡೋಣ. ನಮ್ಮದು 8 ಅಡಿಗೆ 5 ಅಡಿಯ ಬಾತ್‌ರೂಮ್. 40 ಚದರಡಿ ತಾನೇ, ಎಷ್ಟಾದೀತು ಅನ್ನಿಸುತ್ತದೆ. ಆದರೆ ಗೋಡೆಯ ಸುತ್ತಳತೆ 26 ಅಡಿ, 7 ಅಡಿ ಎತ್ತರದವರೆಗೆ ಟೈಲ್ಸ್ ಅಂದರೆ 182 ಚದರಡಿ. ಬಾಗಿಲಿನ ಜಾಗ ಕಳೆದರೂ 164ರ ಮೇಲೆ ಉಳಿಯುತ್ತದೆ. ಅಲ್ಲಿಗೆ ಒಟ್ಟು ಕೆಲಸದಲ್ಲಿ ನೆಲ ಐದರಲ್ಲೊಂದು ಪಾಲು ಮಾತ್ರ. ಕಟಿಂಗಿನಲ್ಲಿ ಹಾಳಾಗುವುದಕ್ಕೆ ನೂರಕ್ಕೆ 10ರಷ್ಟು ಹೆಚ್ಚಿಗೆ ತರಬೇಕು, ಓರೆಯಾಗಿ ಹಾಕಿಸುವುದಾದರೆ 15. ಅಂಗಡಿಯಲ್ಲಿ ‘ಒಂದಡಿಗೆ ಎರಡಡಿ’ ಅಂತ ಕೊಡುವ 300×600 ಮಿಲಿಮೀಟರ್ ಟೈಲ್ ಎರಡು ಚದರಡಿ ಇರುವುದಿಲ್ಲ, 1.94 ಇರುತ್ತದೆ. ಒಂದೆರಡು ಟೈಲ್‌ಗೆ ಇದು ಲೆಕ್ಕಕ್ಕಿಲ್ಲ, ಇಡೀ ಗೋಡೆಗೆ ಬಂದಾಗ ಮೂರು ಟೈಲ್ ಕಮ್ಮಿ ಬೀಳುತ್ತದೆ. ಬಾಕ್ಸಿನ ಮೇಲೆ ಚದರ ಮೀಟರಿನಲ್ಲಿ ಬರೆದಿರುವ ಅಳತೆ ನೋಡಿ ತರುವುದೇ ಸರಿ.

ಇನ್ನು ಕೂಲಿಯ ವಿಷಯ. ಒಬ್ಬರು ಜಾಗವನ್ನೂ ನೋಡದೆ ಫೋನಿನಲ್ಲೇ ‘ಚದರಡಿಗೆ ಇಷ್ಟು’ ಅಂದುಬಿಟ್ಟರು. ಎಲ್ಲರಿಗಿಂತ ಕಡಿಮೆ. ಒಳಗೆ ಏನೇನು ಸೇರಿದೆ ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ಹಳೆ ಟೈಲ್ಸ್ ಒಡೆಯುವುದು ಬೇರೆ. ಒಡೆದದ್ದನ್ನು ಚೀಲಕ್ಕೆ ತುಂಬಿ ಸಾಗಿಸುವುದು ಬೇರೆ. ವಾಟರ್‌ಪ್ರೂಫಿಂಗ್ ತಮ್ಮ ಕೆಲಸವೇ ಅಲ್ಲ. ಪೈಪ್‌ಗೆ ತೂತು, ಹೊರಮೂಲೆಗೆ ಪಾಲಿಶ್, ಟೈಲ್‌ಗಳ ಸಂದಿಗೆ ತುಂಬುವ ಗ್ರೌಟ್, ಎಲ್ಲಕ್ಕೂ ಆಮೇಲೆ ನೋಡೋಣ ಅನ್ನುವ ಮಾತು. ಕೂಡಿಸಿ ನೋಡಿದರೆ ಆ ಕಡಿಮೆ ದರ ಕಡಿಮೆಯಾಗಿ ಉಳಿಯಲೇ ಇಲ್ಲ.

ನಾವು ಒಪ್ಪಿಕೊಂಡ ಮೇಸ್ತ್ರಿ ಮನೆಗೆ ಬಂದು ಬಾಯಿ ಬಿಡುವ ಮೊದಲು ಗೋಡೆಗೆ ರಸಮಟ್ಟ ಹಿಡಿದರು. ಮೂಲೆಮಟ್ಟ ಇಟ್ಟು ನೋಡಿದರು. ಕಿಟಕಿಯ ಬದಿಯ ಗೋಡೆ ವಾರೆಯಾಗಿತ್ತು. “ಇದನ್ನ ಮೊದಲು ಗಾರೆ ಹಾಕಿ ನೇರ ಮಾಡ್ಕೋಬೇಕು ಅಮ್ಮಾ, ಟೈಲ್ಸ್ ಅಂಟಿನಲ್ಲೇ ನೇರ ಮಾಡೋಕೆ ಹೋದ್ರೆ ಚೀಲದ ಮೇಲೆ ಚೀಲ ತಿನ್ನುತ್ತೆ,” ಅಂದರು. ಆಮೇಲೆ ಒಂದು ಹಾಳೆಯಲ್ಲಿ ಒಡೆಯುವುದು, ಸಾಗಣೆ, ಗಾರೆ, ವಾಟರ್‌ಪ್ರೂಫಿಂಗ್, ನೆಲ, ಗೋಡೆ, ಗ್ರೌಟ್ ಅಂತ ಬಿಡಿಬಿಡಿಯಾಗಿ ಬರೆದುಕೊಟ್ಟರು. ಹೊರಮೂಲೆಗಳ ಅಂಚಿಗೆ ಮಾತ್ರ ಉದ್ದಡಿ ಲೆಕ್ಕ, ಅಂದರೆ ಚದರಡಿಗಲ್ಲ, ಅಂಚಿನ ಉದ್ದ ಎಷ್ಟಡಿಯೋ ಅಷ್ಟಕ್ಕೆ. ನನಗೆ ನಂಬಿಕೆ ಹುಟ್ಟಿದ್ದು ಆ ಹಾಳೆ ನೋಡಿ.

ಬಾತ್‌ರೂಮಿನ ಕೂಲಿ ಹಾಲ್‌ಗಿಂತ ದುಬಾರಿ ಯಾಕೆ ಅಂತ ಅವರನ್ನು ಕೇಳಿದ್ದೆ. ಹಾಲ್‌ನಲ್ಲಿ ಇಡೀ ಟೈಲ್ ಒಂದರ ಪಕ್ಕ ಒಂದು ಕೂರಿಸಿಕೊಂಡು ಹೋಗಬಹುದು, ಬಾತ್‌ರೂಮಿನಲ್ಲಿ ನಲ್ಲಿ, ಕಮೋಡ್, ಕಿಟಕಿ, ನೀರು ಹೋಗುವ ಜಾಲಿ ಅಂತ ಪ್ರತಿ ಸಾಲಿನಲ್ಲೂ ಕಟಿಂಗ್. ಅವರ ಸಮಯ ಹೋಗುವುದು ಚದರಡಿಗಲ್ಲ, ಕಟಿಂಗಿಗೆ. ಅದಕ್ಕೇ ಗೋಡೆಯಲ್ಲಿ ಸೋಪು ಶಾಂಪೂ ಇಡಲು ಗೂಡು ಮಾಡಿಸಿದರೆ ಚದರಡಿಯಲ್ಲಿ ಲೆಕ್ಕಕ್ಕೇ ಬಾರದ ಆ ಗೂಡಿಗೆ ಅರ್ಧ ದಿನ ಹೋಗುತ್ತದೆ. 600×1200ರಂಥ ದೊಡ್ಡ ಟೈಲ್ ಆರಿಸಿದರೆ ಸಂದು ಕಡಿಮೆ, ಆದರೆ ಎತ್ತಿ ಕೂರಿಸಲು ಇಬ್ಬರು ಬೇಕು, ಗೋಡೆಯೂ ಪಕ್ಕಾ ನೇರ ಇರಬೇಕು. ತೀರಾ ಚಿಕ್ಕ ಮೊಸಾಯಿಕ್ ಆದರೆ ಸಂದೇ ಸಂದು, ಗ್ರೌಟ್ ಕೆಲಸ ಹೆಚ್ಚು. ಕೂಲಿ ಹಿಡಿತದಲ್ಲಿರಬೇಕು ಅನ್ನುವವರಿಗೆ ಗೋಡೆಗೆ 300×600, ನೆಲಕ್ಕೆ 300×300 ಸಾಕು. ನೆಲದ ಟೈಲ್ ಚಿಕ್ಕದಿದ್ದರೆ ಜಾಲಿಯ ಕಡೆಗೆ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಕೊಡುವುದೂ ಸುಲಭ, ಹೆಚ್ಚು ಸಂದಿರುವುದರಿಂದ ಕಾಲಿಗೆ ಹಿಡಿತವೂ ಸಿಗುತ್ತದೆ.

ಜಾರದ ಟೈಲ್ ಬಗ್ಗೆ ಒಂದು ಮಾತು. ಅಂಗಡಿಯವರು ಆರ್10, ಆರ್11 ಅಂತ ಹೇಳುತ್ತಾರೆ. ಆ ಅಂಕಿ ಬರುವುದು ಎಣ್ಣೆ ಸುರಿದ ಇಳಿಜಾರಿನ ಮೇಲೆ ಬೂಟು ಹಾಕಿಕೊಂಡು ನಡೆದು ಮಾಡುವ ಪರೀಕ್ಷೆಯಿಂದ. ಬರಿಗಾಲು ಮತ್ತು ಸೋಪಿನ ನೀರಿಗೆ ಎ, ಬಿ, ಸಿ ಅನ್ನುವ ಬೇರೆ ದರ್ಜೆ ಇದೆ, ಎಗಿಂತ ಬಿ, ಬಿಗಿಂತ ಸಿ ಹೆಚ್ಚು ಹಿಡಿತದ್ದು. ಸ್ನಾನದ ಜಾಗಕ್ಕೆ ನಾನು ಬಿ ದರ್ಜೆಯದನ್ನೇ ಕೇಳಿ ತಂದೆ. ಬೆಲೆಯಲ್ಲಿ ವ್ಯತ್ಯಾಸ ಅಷ್ಟೇನೂ ಇರಲಿಲ್ಲ, ಆಯ್ಕೆ ಮಾತ್ರ ಕಡಿಮೆ.

ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಟೈಲ್ಸ್ ಬರುವ ಮುಂಚಿನ ಭಾಗ. ಹಳೆಯದೆಲ್ಲ ಕಿತ್ತು, ಪೈಪುಗಳ ಸುತ್ತ ಬಿರುಕು ತುಂಬಿ, ನೆಲಕ್ಕೂ ಗೋಡೆಗೂ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆದರು. ಮೊದಲ ಕೋಟ್ ಅಡ್ಡಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ನೆಲ ಗೋಡೆ ಸೇರುವ ಮೂಲೆಗೆ ಬಟ್ಟೆಯ ಪಟ್ಟಿ ಕೂರಿಸಿ ಅದರ ಮೇಲೂ ಬಳಿದರು. ಚೆನ್ನಾಗಿ ಒಣಗಿದ ಮೇಲೆ ಜಾಲಿಗೆ ಬಿರಡೆ ಹಾಕಿ, ಎರಡಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಹೋದರು. ಮಾರನೆಯ ದಿನ ಅದೇ ಹೊತ್ತಿಗೆ ಬಂದು ನೋಡಿದಾಗಲೂ ನೀರು ಗೆರೆಯಲ್ಲೇ ಇತ್ತು. ಆಮೇಲೇ ಟೈಲ್ ಮುಟ್ಟಿದ್ದು. ಈ ಪರೀಕ್ಷೆಗೆ ಖರ್ಚು ಅಂತ ಏನೂ ಇಲ್ಲ, ಒಂದು ದಿನ ಕಾಯಬೇಕು ಅಷ್ಟೇ. ಇದನ್ನು ಬೇಡ ಅನ್ನುವ ಮೇಸ್ತ್ರಿಗೆ ಕೆಲಸ ಕೊಡಬೇಡಿ.

ನೆಲಕ್ಕೆ ತಂದ ಪೋರ್ಸಲಿನ್ ಟೈಲ್ ತನ್ನ ತೂಕದ ನೂರಕ್ಕೆ 0.5ರಷ್ಟಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಹಾಗಾಗಿ ಬರೀ ಸಿಮೆಂಟ್ ತಿಳಿ ಅದನ್ನು ಸರಿಯಾಗಿ ಹಿಡಿಯುವುದಿಲ್ಲ, ಟೈಲ್ಸ್ ಅಂಟೇ ಬೇಕು. ಚೀಲದ ಮೇಲೆ ‘ಸಿ2ಟಿಇ’ ಅಂತ ಇರುವುದನ್ನೇ ತರಿಸಿದರು. ಸಿ2 ಅಂದರೆ ಹೆಚ್ಚು ಹಿಡಿತ, ಟಿ ಅಂದರೆ ಗೋಡೆಯಿಂದ ಜಾರದ್ದು, ಇ ಅಂದರೆ ಬಳಿದ ಮೇಲೂ ಬೇಗ ಒಣಗದೆ ಟೈಲ್ ಕೂರಿಸಲು ಸಮಯ ಕೊಡುವಂಥದ್ದು.

ಮೊದಲ ಟೈಲ್ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕೂಡಲೇ ಕರಣೆಯ ತುದಿ ತೂರಿಸಿ ಅದನ್ನು ಎಬ್ಬಿಸಿದರು. ನನಗೆ ಗಾಬರಿ. ಬೆನ್ನು ತಿರುಗಿಸಿ ತೋರಿಸಿದರು. ಹಲ್ಲಿನ ಕರಣೆ ಎಳೆದ ಗೆರೆಗಳೆಲ್ಲ ಅಪ್ಪಚ್ಚಿಯಾಗಿ ಬೂದು ಅಂಟು ಪೂರ್ತಿ ಮೆತ್ತಿಕೊಂಡಿತ್ತು, ಒಂದು ಮೂಲೆಯಲ್ಲಿ ಮಾತ್ರ ಹೆಬ್ಬೆರಳಗಲ ಬೋಳು. “ಇಲ್ಲೇ ನೋಡಿ ನೀರು ಸೇರ್ಕೊಳ್ಳೋದು,” ಅಂತ ಹೇಳಿ, ಅಲ್ಲಿಂದ ಮುಂದೆ ನೆಲಕ್ಕೆ ಬಳಿಯುವುದರ ಜೊತೆಗೆ ಪ್ರತಿ ಟೈಲಿನ ಬೆನ್ನಿಗೂ ತೆಳುವಾಗಿ ಅಂಟು ಸವರಿದರು. ಅಂಟನ್ನು ಐದು ಕಡೆ ಉಂಡೆ ಇಟ್ಟು ಒತ್ತುವವರನ್ನು ನಾನು ನೋಡಿದ್ದೇನೆ. ಅಂಥ ಟೈಲ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಭಾರ ಬಿದ್ದರೆ ಸೀಳುತ್ತದೆ. ಕೊನೆಯಲ್ಲಿ ನಾನೂ ಒಂದು ನಾಣ್ಯ ಹಿಡಿದು ಇಡೀ ನೆಲ ತಟ್ಟಿ ನೋಡಿದೆ, ಎಲ್ಲೂ ಟೊಳ್ಳಿಲ್ಲ.

ವಾಟವೂ ಚೆನ್ನಾಗಿ ಬಂದಿದೆ. 80ಕ್ಕೆ 1ರ ಲೆಕ್ಕದಲ್ಲಿ 8 ಅಡಿಗೆ ಸುಮಾರು 30 ಮಿಲಿಮೀಟರ್ ಇಳಿಸಿದ್ದಾರೆ. ಬಾಗಿಲ ಹತ್ತಿರ ಒಂದು ಚೊಂಬು ನೀರು ಸುರಿದರೆ ಎಲ್ಲೂ ನಿಲ್ಲದೆ ಜಾಲಿ ಸೇರುತ್ತದೆ.

ಗ್ರೌಟ್‌ಗೆ ನೆಲದಲ್ಲಿ ಎಪಾಕ್ಸಿ ಅನ್ನುವ ರಾಳದ್ದು, ಗೋಡೆಗೆ ಸಾದಾ ಸಿಮೆಂಟಿನದು. ಎಪಾಕ್ಸಿ ನೀರು ಹೀರುವುದಿಲ್ಲ, ಕಲೆ ಕೂರುವುದಿಲ್ಲ. ಗಟ್ಟಿಯಾಗುವ ಮೊದಲೇ ಒರೆಸಿ ತೆಗೆಯಬೇಕಾದ್ದರಿಂದ ಸಾಮಾನಿನ ಜೊತೆ ಕೂಲಿಯೂ ಜಾಸ್ತಿ. ಅಷ್ಟು ಕೊಟ್ಟಿದ್ದು ಸಾರ್ಥಕ. ಎರಡು ಗೋಡೆ ಸೇರುವ ಮೂಲೆಗೆ ಗ್ರೌಟ್ ತುಂಬದೆ ಸಿಲಿಕೋನ್ ಎಳೆದರು. ಗೋಡೆಗಳು ಒಂದಿಷ್ಟು ಅಲುಗಿದರೂ ಅದು ಜಗ್ಗಿಕೊಳ್ಳುತ್ತದೆ, ಗ್ರೌಟ್ ಆದರೆ ಬಿರುಕು ಬಿಡುತ್ತದೆ.

ಕುಂದುಗಳೂ ಇವೆ. ಹೇಳಿದ ದಿನಕ್ಕೆ ಶುರುಮಾಡಲಿಲ್ಲ, ಹಿಂದಿನ ಕೆಲಸ ಮುಗಿದಿಲ್ಲ ಅಂತ ಮುಂದೂಡಿದರು. ಒಡೆಯುವ ದಿನ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಅಂತ ನಾನೇ ಜ್ಞಾಪಿಸಬೇಕಾಯಿತು, ಅಷ್ಟರಲ್ಲಿ ಧೂಳು ಅಡುಗೆಮನೆವರೆಗೆ ಹೋಗಿತ್ತು. ಮೂಲೆಯ ಸಿಲಿಕೋನ್ ಗ್ರೌಟಿಗಿಂತ ಒಂದು ಛಾಯೆ ತಿಳಿ, ಬೆಳಕು ಬಿದ್ದಾಗ ಕಾಣುತ್ತದೆ. 45 ಡಿಗ್ರಿ ಕೊರೆದು ಕೂಡಿಸಿದ ಒಂದು ಹೊರಮೂಲೆಯಲ್ಲಿ ಅಂಚು ಚಕ್ಕೆ ಎದ್ದಿತ್ತು. ತೋರಿಸಿದ ಕೂಡಲೇ ಆ ತುಂಡನ್ನು ಬದಲಿಸಿದರು, ಅದಕ್ಕೆ ದುಡ್ಡು ಕೇಳಲಿಲ್ಲ.

ಹಣವನ್ನು ಸ್ವಲ್ಪ ಮುಂಗಡ, ನೀರಿನ ಪರೀಕ್ಷೆ ಆದಮೇಲೆ ಒಂದು ಕಂತು, ಟೈಲ್ಸ್ ಮುಗಿದಾಗ ಇನ್ನೊಂದು, ಗ್ರೌಟ್ ಒಣಗಿ ತಟ್ಟಿ ನೋಡಿದ ಮೇಲೆ ಉಳಿದದ್ದು ಅಂತ ಕೊಟ್ಟೆವು. ಅವರೂ ಗೊಣಗಲಿಲ್ಲ. ಕೊನೆಯ ಮೊತ್ತ ಹಾಳೆಯಲ್ಲಿ ಬರೆದದ್ದಕ್ಕಿಂತ ಹೆಚ್ಚಾದದ್ದು ಒಂದೇ ಕಾರಣಕ್ಕೆ: ಒಡೆದಾಗ ಒಳಗಿನ ಹಳೆ ಪೈಪ್ ತುಕ್ಕು ಹಿಡಿದಿತ್ತು, ಪ್ಲಂಬರ್ ಕರೆಸಬೇಕಾಯಿತು. ಹಳೆ ಬಾತ್‌ರೂಮ್ ಒಡೆಸುವವರು ಇದಕ್ಕೆಂದು ಸ್ವಲ್ಪ ಹಣ ಪಕ್ಕಕ್ಕೆ ಇಟ್ಟುಕೊಳ್ಳಿ. ಉಳಿದ ಟೈಲ್ಸನ್ನೂ ಬ್ಯಾಚ್ ನಂಬರಿರುವ ಬಾಕ್ಸಿನ ಸಮೇತ ಇಟ್ಟುಕೊಳ್ಳಿ, ಬೇರೆ ಬ್ಯಾಚಿನದು ಬಣ್ಣ ಹೊಂದುವುದಿಲ್ಲ.

ಈಗ ಪಕ್ಕದ ಕೋಣೆಯ ಗೋಡೆ ಒಣಗಿದೆ, ಹೊಸ ಬಣ್ಣ ಹೊಡೆಸಿದ್ದೇವೆ, ಬುಡದಲ್ಲಿ ಒಂದು ಗುಳ್ಳೆಯೂ ಇಲ್ಲ. ಅತ್ತೆ ಗೋಡೆ ಹಿಡಿಯುವುದನ್ನು ಬಿಟ್ಟಿದ್ದಾರೆ. ನೆಂಟರು ಬರುವ ಮುಂಚೆ ಬೇಗ ಮುಗಿಯಬೇಕು ಅನ್ನುವವರಿಗೆ ಈ ಮೇಸ್ತ್ರಿ ಹೊಂದುವುದಿಲ್ಲ. ನೀರು ಸೋರುವ ಬಾತ್‌ರೂಮ್ ಇರುವವರು, ಕಾಯುವ ವ್ಯವಧಾನ ಇರುವವರು ಇವರನ್ನೇ ಕರೆಸಿ. ಶುರುಮಾಡುವ ತಾರೀಖನ್ನು ಮಾತ್ರ ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ.