ಕಾಮಾಕುರದಲ್ಲಿ ಒಂದು ದಿನ: ಗೊಮ್ಮಟನ ಸೀಮೆಯಿಂದ ಹೋಗುವವರಿಗೆ

ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿದ ಕಣ್ಣಿಗೆ, ಜಪಾನಿನ ಟೋಕಿಯೊ ಹತ್ತಿರದ ಊರು ಕಾಮಾಕುರದ ಬುದ್ಧ ಮೊದಲು ಚಿಕ್ಕವನಾಗಿಯೇ ಕಾಣುತ್ತಾನೆ. ನಮ್ಮ ಗೊಮ್ಮಟ 58 ಅಡಿ. ಈ ಕಂಚಿನ ಅಮಿತಾಭ ಕೂತ ಭಂಗಿಯಲ್ಲಿ 11.3 ಮೀಟರ್, ಅಂದರೆ 37 ಅಡಿ; ಪೀಠ ಸೇರಿಸಿದರೂ 44 ಅಡಿ ದಾಟುವುದಿಲ್ಲ. ಹಾಸನದ ಕಡೆಯವರು ಎದುರು ನಿಂತು ಒಂದು ಫೋಟೊ ತೆಗೆದು "ಇಷ್ಟೇನಾ" ಅಂದು ಹೊರಟುಬಿಡುವ ಅಪಾಯ ಇರುವುದು ಇಲ್ಲೇ. ಹಾಗೆ ಹೊರಟರೆ ಆ ಊರಿನಲ್ಲಿ ಮಾಡಬಹುದಾದ ಅತ್ಯುತ್ತಮ ಖರ್ಚನ್ನೇ ಬಿಟ್ಟು ಬಂದ ಹಾಗೆ. ಆ ಖರ್ಚು ಬರೀ 50 ಯೆನ್, ನಮ್ಮ ಲೆಕ್ಕದಲ್ಲಿ ಮೂವತ್ತು ರೂಪಾಯಿಯ ಆಸುಪಾಸು.

ಬುದ್ಧ ಇರುವ ಕೋತೊಕು-ಇನ್ ದೇವಾಲಯಕ್ಕೆ ಪ್ರವೇಶ 300 ಯೆನ್. ಒಳಗೆ ಹೋದ ಮೇಲೆ ಇನ್ನೂ 50 ಯೆನ್ ಕೊಟ್ಟರೆ ವಿಗ್ರಹದ ಹೊಟ್ಟೆಯೊಳಗೇ ಬಿಡುತ್ತಾರೆ. ಬಾಗಿಲು ಕಿರಿದು, ಮೆಟ್ಟಿಲು ಕಡಿದು, ತಲೆ ತಗ್ಗಿಸಿ ನಡೆಯಬೇಕು, ಬೆನ್ನಿನ ಚೀಲ ಮುಂದಕ್ಕೆ ಹಾಕಿಕೊಳ್ಳಬೇಕು. ಒಳಗೆ ನಿಂತು ಕಣ್ಣು ಕತ್ತಲೆಗೆ ಹೊಂದುವವರೆಗೆ ಒಂದು ನಿಮಿಷ ಸುಮ್ಮನಿರಿ. ಆಮೇಲೆ ಗೋಡೆಯ ತುಂಬ ಅಡ್ಡಗೆರೆ ಉದ್ದಗೆರೆಗಳು ಕಾಣತೊಡಗುತ್ತವೆ. ಅವು ಎರಕದ ಕೂಡುಗೆರೆಗಳು. 1252ರಲ್ಲಿ ಶುರುವಾದ ಈ ಕೆಲಸದಲ್ಲಿ 121 ಟನ್ ಕಂಚನ್ನು ಒಂದೇ ಸಲಕ್ಕೆ ಹೊಯ್ದಿಲ್ಲ. ಕೆಳಗಿನ ಪಟ್ಟಿ ಎರಕವಾಗಿ ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು ಅಚ್ಚು ಕಟ್ಟಿ, ಹೊಸ ಕಂಚು ಹಳೆಯದನ್ನು ಕಚ್ಚಿ ಹಿಡಿಯುವ ಹಾಗೆ ಹೊಯ್ಯುತ್ತ ಮೇಲೇರಿದ್ದಾರೆ. ಗೊಮ್ಮಟನನ್ನು ಬಂಡೆಯಿಂದ ಕೆತ್ತಿ ಕೆತ್ತಿ ಕಳೆದು ತೆಗೆದದ್ದು. ಇವನನ್ನು ಸೇರಿಸುತ್ತ ಸೇರಿಸುತ್ತ ಎತ್ತಿದ್ದು. ಹೊರಗಿನಿಂದ ಎಷ್ಟು ಹೊತ್ತು ನೋಡಿದರೂ ಇದು ಇಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಕತ್ತೆತ್ತಿ ನೋಡಿದರೆ ಕೊರಳಿನ ಒಳಭಾಗ ಬೇರೆ ಬಣ್ಣದಲ್ಲಿದೆ. 1960–61ರ ದುರಸ್ತಿಯಲ್ಲಿ ತಲೆಯ ಭಾರ ತಡೆಯಲೆಂದು ಅಲ್ಲಿ ನಾರು ಬೆರೆಸಿದ ಪ್ಲಾಸ್ಟಿಕ್ ಹೊದಿಸಿದರು. ಅದೇ ದುರಸ್ತಿಯಲ್ಲಿ ಭೂಕಂಪದ ಅಲುಗಾಟ ಮೈಗೆ ತಟ್ಟದಿರಲೆಂದು ಪೀಠಕ್ಕೂ ವಿಗ್ರಹಕ್ಕೂ ನಡುವೆ ಉಕ್ಕಿನ ತಗಡು ಕೊಟ್ಟರು. 1923ರ ದೊಡ್ಡ ಭೂಕಂಪದಲ್ಲಿ ಪೀಠ ಜಖಂ ಆಗಿತ್ತು.

ಹೊರಗೆ ಬಂದ ಮೇಲೆ ನೆಲ ನೋಡಿ. ಸುತ್ತಲೂ ದಪ್ಪ ದಪ್ಪ ಅಡಿಗಲ್ಲುಗಳಿವೆ. ಗೊಮ್ಮಟ ಮೊದಲಿನಿಂದಲೂ ಬಯಲಿನಲ್ಲಿ ನಿಂತವನು; ಈ ಬುದ್ಧನ ಮೇಲೆ ಒಂದು ಕಾಲಕ್ಕೆ ದೊಡ್ಡ ಮರದ ಮಂಟಪ ಇತ್ತು. 1334ರಲ್ಲಿ, 1369ರಲ್ಲಿ ಬಿರುಗಾಳಿಗೆ ಬಿದ್ದು, ಹದಿನೈದನೇ ಶತಮಾನದ ಕೊನೆಯ ಸುನಾಮಿಗೆ ಕೊಚ್ಚಿಹೋಯಿತೆಂದು ಹೇಳುತ್ತಾರೆ. ಕಡಲು ಇಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆ. ಬೀದಿ ಕಂಬಗಳ ಮೇಲೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದ ಫಲಕ ಕಂಡರೆ ಅದು ಯಾಕೆ ಎಂದು ಆಗ ಅರ್ಥವಾಗುತ್ತದೆ. ಕೆನ್ನೆಯ ಮೇಲೆ, ಕಿವಿಯ ಹತ್ತಿರ ಹಳೆಯ ಚಿನ್ನದ ಲೇಪದ ಗುರುತು ಉಳಿದಿದೆ. ಬೆಳಗಿನ ಬೆಳಕಿನಲ್ಲಿ ಹುಡುಕಿ.

ದೇವಾಲಯ ತೆರೆಯುವುದು ಬೆಳಿಗ್ಗೆ 8ಕ್ಕೆ. ಮುಚ್ಚುವುದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ 5:30ಕ್ಕೆ, ಉಳಿದ ತಿಂಗಳು 5ಕ್ಕೆ. ಹೊಟ್ಟೆಯೊಳಗೆ ಬಿಡುವುದು 4:30ರವರೆಗೆ ಮಾತ್ರ. ಹತ್ತು ಗಂಟೆಯ ಹೊತ್ತಿಗೆ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಬಂದುಬಿಡುತ್ತವೆ, ಆಮೇಲೆ ಒಳಗೆ ನಿಂತು ನೋಡಲು ಆಗುವುದಿಲ್ಲ. ಹಾಗಾಗಿ ಇಡೀ ದಿನದ ಯೋಜನೆ ಈ ಎಂಟು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಟೋಕಿಯೊ ನಿಲ್ದಾಣದಿಂದ ಜೆಆರ್ ಯೊಕೊಸುಕಾ ಲೈನಿನಲ್ಲಿ ಕಾಮಾಕುರ ಸುಮಾರು ಒಂದು ಗಂಟೆ, ದರ ಸಾವಿರ ಯೆನ್ ಆಸುಪಾಸು. 7ರ ಒಳಗೆ ರೈಲು ಹತ್ತಿ. ಕಾಮಾಕುರದಲ್ಲಿ ಇಳಿದು ಎನೋದೆನ್ ಎಂಬ ಪುಟ್ಟ ರೈಲಿಗೆ ಬದಲಾಯಿಸಿ ಮೂರನೇ ನಿಲ್ದಾಣ ಹಾಸೆಯಲ್ಲಿ ಇಳಿಯಬೇಕು. ಐದು ನಿಮಿಷ, 200 ಯೆನ್. ಅಲ್ಲಿಂದ ಹತ್ತು ನಿಮಿಷದ ಒಳಗಿನ ನಡಿಗೆ. ಶಿಂಜುಕು ಕಡೆ ಉಳಿದುಕೊಂಡವರಿಗೆ ಒದಾಕ್ಯು ಕಂಪನಿಯ ಎನೋಶಿಮಾ-ಕಾಮಾಕುರ ಪಾಸ್ ಲಾಭ. 1,600 ಯೆನ್ ಆಸುಪಾಸಿನಲ್ಲಿ ಫುಜಿಸಾವಾವರೆಗೆ ಹೋಗಿಬರುವ ರೈಲೂ ಇಡೀ ದಿನದ ಎನೋದೆನ್ ಓಡಾಟವೂ ಸೇರುತ್ತದೆ. ಉಳಿದವರು ಮುಟ್ಟಿಸಿ ರೈಲು ದರ ಕಟ್ಟುವ ಸುಯಿಕಾ ಕಾರ್ಡಿಗೆ ದುಡ್ಡು ತುಂಬಿಸಿಕೊಂಡರೆ ಸಾಕು. ಎನೋದೆನ್‌ನ ಒಂದು ದಿನದ ಪಾಸ್ 800 ಯೆನ್. ನಾಲ್ಕೈದು ಸಲವಾದರೂ ಹತ್ತಿ ಇಳಿಯದಿದ್ದರೆ ಅದು ನಷ್ಟ.

ಈ ಎನೋದೆನ್ ಬಗ್ಗೆ ಎರಡು ಮಾತು ಹೇಳಲೇಬೇಕು. 1902ರಲ್ಲಿ ಶುರುವಾದ, 10 ಕಿಲೋಮೀಟರ್ ಉದ್ದದ ಒಂಟಿ ಹಳಿಯ ದಾರಿ. ಎದುರಿನ ರೈಲು ಬಂದು ಸೇರುವವರೆಗೆ ನಿಲ್ದಾಣದಲ್ಲಿ ಕಾಯುತ್ತದೆ. ಮನೆಗಳ ಹಿತ್ತಲಿನ ಬೇಲಿ ಕಿಟಕಿಗೆ ತಾಗುವಷ್ಟು ಹತ್ತಿರ, ಕೊಶಿಗೋಎ ಬಳಿ ನಡುರಸ್ತೆಯಲ್ಲೇ ಕಾರುಗಳ ಜೊತೆ ಓಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಕಡಲು. ಎನೋಶಿಮಾ ಕಡೆಗೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಚಳಿಗಾಲದ ತಿಳಿ ಬೆಳಗಿನಲ್ಲಿ ಶಿಚಿರಿಗಾಹಾಮಾ ದಾಟುವಾಗ ದೂರದಲ್ಲಿ ಫುಜಿ ಪರ್ವತ ಕಾಣುತ್ತದೆ. ಬೇಸಿಗೆಯ ಮಂಜು ಮುಸುಕಿನಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ. ದೌರ್ಬಲ್ಯ ಒಂದೇ: ಬೋಗಿಗಳು ಕಡಿಮೆ. ಶನಿವಾರ, ಭಾನುವಾರ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆಯಲ್ಲಿ ಸರತಿ ಸಾಲು ನಿಲ್ದಾಣದ ಹೊರಗೂ ಬೆಳೆಯುತ್ತದೆ. ಸಾಲು ಕಂಡರೆ ಬಸ್ಸಿನ ಕಡೆ ಓಡಬೇಡಿ, ಅದೂ ಅದೇ ಇಕ್ಕಟ್ಟಿನ ರಸ್ತೆಯಲ್ಲಿ ಸಿಕ್ಕಿಬೀಳುತ್ತದೆ. ಹಾಸೆಗೆ ಇರುವುದು ಎರಡೇ ಕಿಲೋಮೀಟರ್. ನಡೆದುಬಿಡಿ.

ಬುದ್ಧನ ದರ್ಶನ ಆದ ಮೇಲೆ ಹಾಸೆದೆರಾ ದೇವಾಲಯ. ಐದಾರು ನಿಮಿಷದ ನಡಿಗೆ, 400 ಯೆನ್. ಒಳಗಿನ ಹನ್ನೊಂದು ಮುಖದ ಕನ್ನೊನ್ 9 ಮೀಟರಿಗೂ ಎತ್ತರದ, ಚಿನ್ನದ ಲೇಪದ ಮರದ ವಿಗ್ರಹ. ಕನ್ನೊನ್ ಅಂದರೆ ಅವಲೋಕಿತೇಶ್ವರ. ಮೇಲಿನ ಜಗಲಿಯಿಂದ ಯುಇಗಾಹಾಮಾ ಕಡಲತೀರ ಪೂರ್ತಿ ಕಾಣುತ್ತದೆ. ಜೂನ್‌ನಲ್ಲಿ ಇಲ್ಲಿನ ಇಳಿಜಾರಿನ ತುಂಬ ಹೈಡ್ರೇಂಜಿಯಾ. ಚಿಕ್ಕಮಗಳೂರಿನ ತೋಟದ ಮನೆಗಳ ಅಂಗಳದಲ್ಲಿ ಮಳೆಗಾಲಕ್ಕೆ ಗೊಂಚಲು ಗೊಂಚಲಾಗಿ ಅರಳುವ ಅದೇ ಹೂ. ಹುಳಿ ಮಣ್ಣಿನಲ್ಲಿ ಬೇರು ಅಲ್ಯೂಮಿನಿಯಂ ಹೀರಿಕೊಂಡರೆ ನೀಲಿ, ಇಲ್ಲದಿದ್ದರೆ ಗುಲಾಬಿ. ಆ ಹೂವಿಗಾಗಿಯೇ ಜೂನ್‌ನಲ್ಲಿ ಹೋಗುವುದು ನಮ್ಮವರಿಗೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಹೂದಾರಿಗೆ ಪ್ರತ್ಯೇಕ ಟಿಕೆಟ್, ಪಾಳಿ, ಗಂಟೆಗಟ್ಟಲೆ ಕಾಯುವಿಕೆ, ಜೊತೆಗೆ ಅವರ ಮಳೆಗಾಲ. ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರ, ಮೇಪಲ್ ಕೆಂಪಾಗುವ ಹೊತ್ತು, ಎಲ್ಲಕ್ಕಿಂತ ಒಳ್ಳೆಯದು.

ಹಾಸೆದೆರಾದ ಕೆಳಗಿನ ಗುಹೆಯನ್ನು ಬಿಡಬೇಡಿ. ಬಗ್ಗಿ ನಡೆಯುವ ಆ ಗುಹೆಯ ಗೋಡೆಯಲ್ಲಿ ಕೆತ್ತಿರುವುದು ಬೆಂಜಾಯ್ತೆನ್ ದೇವಿಯನ್ನು, ಅವಳ ಪರಿವಾರವನ್ನು. ಈ ಬೆಂಜಾಯ್ತೆನ್ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಬೌದ್ಧ ಸೂತ್ರಗಳ ಜೊತೆ ಚೀನಾ ದಾಟಿ ಜಪಾನಿಗೆ ಹೋದವಳು. ವೀಣೆಯ ಜಾಗದಲ್ಲಿ ಬೀವಾ ಎಂಬ ತಂತಿವಾದ್ಯ ಬಂದಿದೆ. ನದಿಯ ದೇವತೆಯಾಗಿದ್ದವಳು ಅಲ್ಲಿ ಕಡಲು, ಕೆರೆ, ಗುಹೆಯ ನೀರಿಗೆ ಅಧಿದೇವತೆ, ಜೊತೆಗೆ ದುಡ್ಡಿಗೂ. ಶೃಂಗೇರಿಯ ಶಾರದೆಗೆ ಕೈಮುಗಿದು ಬೆಳೆದವರು ಕಾಮಾಕುರದಲ್ಲಿ ಅವಳ ಜಾಡು ಹಿಡಿದು ನಡೆದರೆ ದಿನಕ್ಕೆ ಒಂದು ದಾರಿ ಸಿಗುತ್ತದೆ, ಕಂಡಕಂಡಲ್ಲಿ ಸುತ್ತುವ ಆಯಾಸ ತಪ್ಪುತ್ತದೆ.

ಆ ಜಾಡಿನ ಮುಖ್ಯ ಠಾವು ಎನೋಶಿಮಾ ದ್ವೀಪ. ಹಾಸೆಯಿಂದ ಎನೋದೆನ್‌ನಲ್ಲಿ ಇಪ್ಪತ್ತು ನಿಮಿಷ, ನಿಲ್ದಾಣದಿಂದ ಸೇತುವೆ ದಾಟಿ ಹದಿನೈದು ನಿಮಿಷದ ನಡಿಗೆ. ಜಪಾನಿನ ಮೂರು ಪ್ರಸಿದ್ಧ ಬೆಂಜಾಯ್ತೆನ್ ಸನ್ನಿಧಿಗಳಲ್ಲಿ ಇದು ಒಂದು. ಮೊದಲ ಗುಡಿಯ ಪಕ್ಕದ ಎಂಟು ಮೂಲೆಯ ಮಂಟಪದಲ್ಲಿ ಅವಳ ಎರಡು ವಿಗ್ರಹಗಳಿವೆ, ಪ್ರವೇಶ 200 ಯೆನ್. ಒಂದು ಎಂಟು ಕೈಗಳಲ್ಲಿ ಆಯುಧ ಹಿಡಿದದ್ದು, ಇನ್ನೊಂದು ಬೀವಾ ಹಿಡಿದ ನಗ್ನ ವಿಗ್ರಹ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಮೊದಲೇ ಹೇಳಿಟ್ಟರೆ ಒಳ್ಳೆಯದು. ಮಂಟಪವನ್ನು ದಾಟಿ ಮುಂದೆ ಹೋಗಿಬಿಡುವುದು ಸುಲಭ, ಗಮನವಿಟ್ಟು ನೋಡಿ.

ಮೆಟ್ಟಿಲುಗಳ ಲೆಕ್ಕ ಇಲ್ಲಿ ಮುಖ್ಯ. ದ್ವೀಪದ ತುದಿಗೆ ಎಸ್ಕಲೇಟರ್ ಇದೆ, ಹಣ ಕೊಟ್ಟು ಹತ್ತಬೇಕು, ಆದರೆ ಅದು ಮೇಲಕ್ಕೆ ಮಾತ್ರ. ಗುಡ್ಡದ ಆಚೆ ಬದಿಯ ಇವಾಯಾ ಗುಹೆಗೆ ಕಡಿದಾದ ಮೆಟ್ಟಿಲು ಇಳಿದು, ಮತ್ತೆ ಅಷ್ಟೂ ಹತ್ತಿ ಬರಬೇಕು. ವಿಂಧ್ಯಗಿರಿ ಹತ್ತುವವರಿಗೆ ಕಷ್ಟವಲ್ಲ. ಮಂಡಿ ನೋವಿನವರು ಗುಡಿಯಲ್ಲೇ ನಿಲ್ಲಲಿ. ಗುಹೆಗೆ 500 ಯೆನ್, ಒಳಗೆ ಕೈಗೊಂದು ಮೇಣದ ಬತ್ತಿ ಕೊಡುತ್ತಾರೆ. ಅಲೆ ಜೋರಿದ್ದ ದಿನ ಮುಚ್ಚಿರುತ್ತದೆ, ಆದ್ದರಿಂದ ಕೆಳಗಿನ ಸೇತುವೆಯ ಬಳಿಯೇ ವಿಚಾರಿಸಿಕೊಂಡು ಇಳಿಯಿರಿ. ಕಡಲು ಶಾಂತವಾಗಿದ್ದರೆ ಗುಹೆಯ ಹತ್ತಿರದ ಬಂಡೆದಂಡೆಯಿಂದ ಸೇತುವೆಗೆ ಪುಟ್ಟ ದೋಣಿ ಸಿಗುತ್ತದೆ. ಹತ್ತುವ ಕಷ್ಟವೆಲ್ಲ ಅದರಲ್ಲಿ ತಪ್ಪುತ್ತದೆ.

ತೀರದಲ್ಲಿ ಹದ್ದುಗಳ ಕಾಟ ನಿಜವಾದದ್ದು. ತಿಂಡಿ ಕೈಯಲ್ಲಿ ಹಿಡಿದು ಕಡಲಿಗೆ ಮುಖ ಮಾಡಿ ನಿಂತವರ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಎರಗಿ ಕಿತ್ತುಕೊಂಡು ಹೋಗುತ್ತವೆ, ಉಗುರು ತಾಗಿ ಬೆರಳು ಕೊಯ್ಯುತ್ತದೆ. ಗೋಡೆಗೆ ಅಥವಾ ಮರಕ್ಕೆ ಬೆನ್ನು ಕೊಟ್ಟು ಕೂತು ತಿನ್ನಿ. ಮಕ್ಕಳ ಕೈಗೆ ಬಯಲಿನಲ್ಲಿ ಏನೂ ಕೊಡಬೇಡಿ.

ಊಟದ ವಿಷಯ. ಮೀನು ತಿನ್ನುವವರಿಗೆ ಇಲ್ಲಿ ಹಬ್ಬ: ಶಿರಾಸು ಎಂಬ ಚಿಕ್ಕ ಮೀನು ಅನ್ನದ ಮೇಲೆ ಹಾಕಿ ಕೊಡುತ್ತಾರೆ. ಹಸಿಯದು ಜನವರಿಯಿಂದ ಮಾರ್ಚ್ ಎರಡನೇ ವಾರದವರೆಗೆ ಸಿಗುವುದಿಲ್ಲ, ಆಗ ಹಿಡಿಯುವುದಕ್ಕೆ ತಡೆ. ಬೇಯಿಸಿದ್ದು ಯಾವಾಗಲೂ ಸಿಗುತ್ತದೆ. ಸಸ್ಯಾಹಾರಿಗಳು ಮೋಸ ಹೋಗುವುದು ಮೀನಿನ ತುಂಡಿನಿಂದಲ್ಲ, ಸಾರಿನಿಂದ. ಮಿಸೊ ಸಾರು, ಸೋಬಾ ಎಂಬ ಶಾವಿಗೆ ಅದ್ದುವ ರಸ, ತರಕಾರಿ ಪಲ್ಯ ಎಲ್ಲಕ್ಕೂ ಅಡಿಪಾಯ ದಾಶಿ, ಅದರಲ್ಲಿ ಒಣಮೀನಿನ ಹೆರೆ ಇರುತ್ತದೆ. "ವೆಜಿಟೇರಿಯನ್" ಅಂದರೆ ಮಾಂಸ ತೆಗೆದು ಅದೇ ಸಾರು ತಂದಿಡುತ್ತಾರೆ, ಅವರ ತಪ್ಪಲ್ಲ. "ನಿಕು ತೊ ಸಕಾನಾ ವಾ ತಾಬೆಮಾಸೆನ್, ಸಕಾನಾ ನೊ ದಾಶಿ ಮೊ ದಾಮೆ ದೆಸು" ಎನ್ನಿ: ಮಾಂಸ ಮೀನು ತಿನ್ನುವುದಿಲ್ಲ, ಮೀನಿನ ಸಾರೂ ಆಗದು. ಮಠದ ಅಡುಗೆ ಶೋಜಿನ್ ರ್ಯೋರಿಯಲ್ಲಿ ಕಡಲಪಾಚಿ, ಅಣಬೆಯ ಸಾರು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹೆಚ್ಚಾಗಿ ಮುಂಗಡ ಕಾಯ್ದಿರಿಸಬೇಕು. ಶ್ರವಣಬೆಳಗೊಳ ಕಡೆಯ ಜೈನರಿಗೆ ಒಂದು ಎಚ್ಚರಿಕೆ: ಅದರಲ್ಲಿ ಮೂಲಂಗಿ, ತಾವರೆ ಬೇರು, ಗಡ್ಡೆಗಳು ಧಾರಾಳ. ಅವರಿಗೆ ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರುವುದೇ ಕ್ಷೇಮ. ಹಣ್ಣು, ತರಕಾರಿ, ಮಾಂಸದ ಪದಾರ್ಥ ಊರಿನಿಂದ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ.

ಬಿದಿರಿನ ತೋಪಿನ ಹೋಕೊಕು-ಜಿ ದೇವಾಲಯಕ್ಕೆ ಹೋಗಬೇಕೇ ಎಂದು ಮಲೆನಾಡಿನವರು ಕೇಳಬಹುದು, ನಮ್ಮಲ್ಲಿ ಬಿದಿರಿಗೇನು ಬರ. ಹೋಗಬಹುದು, ಯಾಕೆಂದರೆ ಅದು ನಮ್ಮ ಬಿದಿರಲ್ಲ. ನಮ್ಮದು ಮುಳ್ಳು ಹೆಣೆದುಕೊಂಡು ಮೆಳೆಯಾಗುತ್ತದೆ, ಕೈ ಹಾಕಲೂ ಆಗದು. ಅಲ್ಲಿಯದು ನೆಲದಡಿ ಬೇರು ಹರಿಸಿ ಒಂದೊಂದೇ ಗಳುವಾಗಿ ಬಿಡಿಬಿಡಿಯಾಗಿ ಏಳುವ ಜಾತಿ, ನಡುವೆ ನಡೆದಾಡಬಹುದು. ಪ್ರವೇಶ 400 ಯೆನ್. ಒಳಗೆ ಕೂತು ಮಾಚ್ಚಾ ಎಂಬ ಹಸಿರು ಚಹಾ ಕುಡಿಯುವ ಆಸೆ ಇದ್ದರೆ ಅದರ ಚೀಟಿಯನ್ನೂ ಬಾಗಿಲಲ್ಲೇ ಕೊಂಡುಕೊಳ್ಳಿ. ಆದರೆ ಇದು ಊರಿನ ಪೂರ್ವಕ್ಕೆ, ಕಾಮಾಕುರ ನಿಲ್ದಾಣದಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಎನೋಶಿಮಾ ಮಾಡಿದ ದಿನ ಇದಕ್ಕೆ ಸಮಯ ಸಾಲದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಸಂಜೆಗೆ ಉಳಿಸಿಕೊಳ್ಳಬೇಕಾದದ್ದು ಹಾಚಿಮಾನ್ ದೇವರ ಗುಡಿ, ತ್ಸುರುಗಾಓಕಾ ಹಾಚಿಮಾನ್‌ಗೂ. ಆವರಣಕ್ಕೆ ಟಿಕೆಟ್ ಇಲ್ಲ. ಕಾಮಾಕುರದಿಂದ ಆಳಿದ ಸಮುರಾಯಿ ನಾಯಕ ಮಿನಾಮೊತೊ ನೊ ಯೊರಿತೊಮೊ 1180ರಲ್ಲಿ ಈಗಿನ ಜಾಗಕ್ಕೆ ತಂದ ಗುಡಿ ಇದು. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲವೇ. ಬೇಲೂರು ಹಳೇಬೀಡು ನೋಡಿದವರು ಸಮುರಾಯಿಗಳ ರಾಜಧಾನಿಯಲ್ಲಿ ಅರಮನೆ, ಕೋಟೆ ಹುಡುಕಿ ನಿರಾಶರಾಗುತ್ತಾರೆ. ಎಲ್ಲ ಮರದ ಕಟ್ಟಡ, ಏನೂ ಉಳಿದಿಲ್ಲ. ಯೊರಿತೊಮೊನ ಆಡಳಿತ ಕೇಂದ್ರದ ಜಾಗದಲ್ಲಿ ಇರುವುದು ಒಂದು ಗುರುತಿನ ಕಲ್ಲು. ಕಾಮಾಕುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲು ಹಾಕಿದ್ದ ಅರ್ಜಿಯನ್ನು 2013ರಲ್ಲಿ ಹಿಂದಕ್ಕೆ ಪಡೆದರು. ಗುಡಿಯ ಮೇಲಿನ ಬಾಗಿಲಿನ ಫಲಕ ನೋಡಿ. ದೇವರ ಹೆಸರಿನ ಮೊದಲ ಅಕ್ಷರ, ಎಂಟು ಎಂಬ ಅಂಕಿ, ಎರಡು ಪಾರಿವಾಳಗಳ ಆಕಾರದಲ್ಲಿದೆ. ಪಾರಿವಾಳ ಹಾಚಿಮಾನನ ದೂತ. ಕೆಳಗಿನ ಬೀದಿಯಲ್ಲಿ ಮಾರುವ ಪಾರಿವಾಳದ ಆಕಾರದ ಬೆಣ್ಣೆ ಬಿಸ್ಕತ್ತು ಬಂದದ್ದು ಅಲ್ಲಿಂದಲೇ. ಊರಿಗೆ ತರಲು ಅದು ಚೆನ್ನ, ಬೇಗ ಕೆಡುವುದಿಲ್ಲ, ಆದರೆ ಮೊಟ್ಟೆ ಇದೆ.

ಆ ಅಂಗಡಿ ಬೀದಿ ಕೊಮಾಚಿ-ದೋರಿಯಲ್ಲಿ ತಿನ್ನುತ್ತ ನಡೆಯಬೇಡಿರೆಂದು ನಗರಾಡಳಿತ 2019ರಲ್ಲೇ ನಿಯಮ ಮಾಡಿದೆ. ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು ಕಾಗದ ಅವರಿಗೇ ಹಿಂತಿರುಗಿಸಿ, ಬೀದಿಯಲ್ಲಿ ಕಸದ ಬುಟ್ಟಿ ಹುಡುಕಿದರೂ ಸಿಗದು. ಆರು ಗಂಟೆಗೆ ಅಂಗಡಿಗಳು ಮುಚ್ಚತೊಡಗುತ್ತವೆ.

ಹಿಂತಿರುಗುವ ರೈಲಿನಲ್ಲಿ ದಿನವಿಡೀ ನಡೆದ ಕಾಲಿಗೆ ಸೀಟು ಬೇಕಿದ್ದರೆ ಗ್ರೀನ್ ಕಾರ್ ಎಂಬ ಬೋಗಿ ಇದೆ. ಅದರ ಹೆಚ್ಚುವರಿ ದರವನ್ನು ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಸುಯಿಕಾದಿಂದ ಕಟ್ಟಿ, ಕಾಗದದ ಟಿಕೆಟ್ ದುಬಾರಿ. ಒಳಗೆ ಕೂತ ಮೇಲೆ ತಲೆಯ ಮೇಲಿನ ಗುರುತಿಗೆ ಕಾರ್ಡ್ ಮುಟ್ಟಿಸಬೇಕು. ಕೆಂಪು ದೀಪ ಹಸಿರಾದರೆ ಸೀಟು ನಿಮ್ಮದು.