ನನ್ನ ಆಧಾರ್ ತೋರಿಸಿ ಯಾರೋ ಅಡ್ವಾನ್ಸ್ ತೆಗೆದುಕೊಳ್ಳುತ್ತಿದ್ದಾರೆ, ಹುಷಾರು

ನಮ್ಮ ಹೋಂಸ್ಟೇ ಹೆಸರು ಹೇಳಿ, ನಮ್ಮ ಮನೆ ಫೋಟೊ ಹಾಕಿ, ನನ್ನ ಆಧಾರ್ ಕಾರ್ಡ್ ಕಳಿಸಿ ಯಾರೋ ಪ್ರವಾಸಿಗರಿಂದ ದುಡ್ಡು ವಸೂಲಿ ಮಾಡುತ್ತಿದ್ದಾರೆ. ಅದು ನಾವಲ್ಲ. ಪೂರ್ತಿ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ. ಇನ್ನು ಮುಂದಿನದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಮನೆಯ ಒಂದೆರಡು ರೂಮು ಬಿಟ್ಟುಕೊಟ್ಟು ಹೋಂಸ್ಟೇ ನಡೆಸುವವರಿಗೆ.

ನಮ್ಮದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ ಸಣ್ಣ ಕಾಫಿ ತೋಟ. ಮಾರ್ಚ್‌ನಲ್ಲಿ, ಕಾಳುಮೆಣಸು ಕುಯ್ಲಿನ ಗಡಿಬಿಡಿಯಲ್ಲಿ, ಒಬ್ಬ ಹುಡುಗ ಬಂದ. ಹೊರದೇಶದ ಒಂದು ಬುಕಿಂಗ್ ಕಂಪನಿಯವನು ಅಂತ ಹೇಳಿಕೊಂಡ. ಕುತ್ತಿಗೆಗೆ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು, ಒಳ್ಳೆ ಮಾತು. "ಅಕ್ಕಾ, ಇನ್ಮೇಲೆ ನಿಮ್ಮ ಮನೆ ಜರ್ಮನಿಯವರಿಗೆ ಜರ್ಮನ್‌ನಲ್ಲೇ ಕಾಣುತ್ತೆ, ಜಪಾನಿನವರಿಗೆ ಜಪಾನಿಯಲ್ಲೇ ಕಾಣುತ್ತೆ. ನೀವು ಕನ್ನಡದಲ್ಲಿ ಉತ್ತರ ಹಾಕಿದ್ರೆ ಸಾಕು" ಅಂದ.

ಇದು ನಮಗೆ ಅಂಥ ವಿಚಿತ್ರವಾಗಿ ಕೇಳಲಿಲ್ಲ. ಕಾಫಿ ಬೆಳೆಯುವವರು ಯಾವತ್ತಿನಿಂದಲೂ ದೂರದೇಶದ ಜೊತೆ ಬದುಕುವವರೇ ಅಲ್ವಾ. ನಮ್ಮವರು ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ನೋಡುವುದು ರೊಬಸ್ಟಾಕ್ಕೆ ಲಂಡನ್ ರೇಟು, ಅರೇಬಿಕಾಕ್ಕೆ ನ್ಯೂಯಾರ್ಕ್ ರೇಟು. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಿದ್ದು ಬೆಳೆ ಕೈಕೊಟ್ಟಾಗ ಇಲ್ಲಿ ರೊಬಸ್ಟಾ ಬೆಲೆ ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ನೆನಪಿದೆ. ಜಗತ್ತೆಲ್ಲ ಒಂದಾದರೆ ನಮಗೆ ಲಾಭವೂ ಇದೆ. ಇಲ್ಲ ಅನ್ನುವುದಿಲ್ಲ.

ಅವನು ಕೇಳಿದ್ದು ಇಷ್ಟು. ಆಧಾರ್‌ನ ಎರಡೂ ಬದಿ, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ, ಮನೆಯ ಒಳಗೂ ಹೊರಗೂ ಓಡಾಡಿ ತೆಗೆದ ವಿಡಿಯೊ. ಕೊನೆಗೆ ಆಧಾರ್ ಕಾರ್ಡನ್ನು ಮುಖದ ಪಕ್ಕ ಹಿಡಿದುಕೊಂಡು ಒಂದು ಫೋಟೊ. "ಇದಾದ್ರೆ ನಿಮ್ಮ ಹೆಸರಿನ ಮುಂದೆ ಹಸಿರು ಟಿಕ್ ಬರುತ್ತೆ" ಅಂದ. ಬ್ಯಾಂಕಿಗೆ, ಸಿಮ್‌ಗೆ, ಗ್ಯಾಸ್‌ಗೆ ಕೊಡುವ ಕಾಗದವೇ ಇದೂ. ಜಿಲ್ಲೆಯಲ್ಲಿ ಎಷ್ಟೋ ಹೋಂಸ್ಟೇಯವರು ಹೀಗೇ ಕೊಟ್ಟಿದ್ದಾರೆ. ಹಸಿರು ಟಿಕ್ಕೂ ಬಂತು. ಏಪ್ರಿಲ್‌ನಲ್ಲಿ ಫ್ರಾನ್ಸಿನ ಗಂಡ ಹೆಂಡತಿ ಬಂದು ಉಳಿದು, ಅಕ್ಕಿ ರೊಟ್ಟಿ ಎಣ್ಣೆಗಾಯಿ ತಿಂದು, ಚೆನ್ನಾಗಿ ಬರೆದು ಹೋದರು.

ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನದ ರಜೆ ವಾರಾಂತ್ಯಕ್ಕೆ ಸೇರಿಕೊಂಡಿತ್ತು. ಮಳೆ ಅಂದ್ರೆ ಮಳೆ. ಕರೆಂಟು ಇಲ್ಲ, ಕರೆಂಟು ಹೋದ ಮೇಲೆ ಟವರ್ರೂ ಇಲ್ಲ. ಕತ್ತಲಾಗುವ ಹೊತ್ತಿಗೆ ಗೇಟಿನ ಹತ್ತಿರ ಬೆಂಗಳೂರಿನ ಕಾರೊಂದು ಬಂದು ನಿಂತಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅಜ್ಜಿ. "ಮೇಡಂ, ಎರಡು ರೂಮು ಬುಕ್ ಮಾಡಿದ್ವಿ, ಹನ್ನೆರಡು ಸಾವಿರ ಅಡ್ವಾನ್ಸ್ ಹಾಕಿದ್ವಿ" ಅಂದರು. ಯಾರಿಗೆ ಹಾಕಿದ್ರಿ ಅಂತ ಕೇಳಿದೆ. ಆ ಮನುಷ್ಯನ ಮುಖ ಬದಲಾಯಿತು. "ನಿಮಗೇ ಅಲ್ವಾ? ನಿಮ್ಮ ಆಧಾರ್ ಕಳಿಸಿದ್ರಲ್ಲ, ನಂಬಿಕೆಗೆ ಇರಲಿ ಅಂತ!" ಅಂದು ಫೋನು ನನ್ನ ಕಣ್ಣ ಮುಂದೆ ಹಿಡಿದರು.

ನೋಡಿದರೆ ನನ್ನದೇ ಕಾರ್ಡು. ಬರೀ ಕಾರ್ಡಲ್ಲ. ಅದನ್ನು ಹಿಡಿದಿರುವ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿದೆ. ಹಿಂದೆ ಜಗಲಿಯ ಕೆಂಪು ನೆಲ, ಅದರ ಮೇಲೆ ಹರವಿದ ಹಸಿ ಮೆಣಸು, ಟಾರ್ಪಾಲಿನ ನೀಲಿ ಅಂಚು. ಆ ಹುಡುಗ ಬರುವ ಹಿಂದಿನ ದಿನ ಎಳೆ ಹಲಸು ಹೆಚ್ಚುವಾಗ ಮೆಟ್ಟುಗತ್ತಿ ತಾಗಿ ಬೆರಳು ಕುಯ್ದುಕೊಂಡಿತ್ತು. ಹಾಗಾಗಿ ಆ ಫೋಟೊ ಯಾವಾಗ ತೆಗೆದದ್ದು, ಯಾರ ಟ್ಯಾಬಿನಲ್ಲಿ ತೆಗೆದದ್ದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಬೇರೆ ಯಾರಿಗೂ ನಾನು ಆ ಫೋಟೊ ಕೊಟ್ಟಿಲ್ಲ. ಅದು ಕಂಪನಿಯಿಂದ ಹೋಯಿತೋ, ಹುಡುಗನಿಂದ ಹೋಯಿತೋ, ಮಧ್ಯೆ ಇದ್ದ ಏಜೆನ್ಸಿಯಿಂದಲೋ, ಅದನ್ನು ಹೇಳುವವರು ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ.

ಅವತ್ತು ರಾತ್ರಿ ಅವರನ್ನು ಎಲ್ಲಿಗೆ ಕಳಿಸುವುದು? ಅಜ್ಜಿ ನಡುಗುತ್ತಿದ್ದರು. ಒಂದು ರೂಮು ಖಾಲಿ ಇತ್ತು, ಉಳಿಸಿಕೊಂಡೆವು. ಬಿಸಿ ಸಾರು ಅನ್ನ ಹಾಕಿದೆವು. ಆದರೂ ಊಟಕ್ಕೆ ಕೂತಾಗ ಆ ಮನುಷ್ಯ ನನ್ನನ್ನು ನೋಡುತ್ತಿದ್ದ ರೀತಿ ಹೇಳಲಾರೆ. ಅರ್ಧ ನಂಬಿಕೆ, ಅರ್ಧ ಅನುಮಾನ. ನಾನೇ ಅವರ ಜಾಗದಲ್ಲಿ ಇದ್ದಿದ್ದರೂ ಹಾಗೇ ನೋಡುತ್ತಿದ್ದೆ. ಮರುದಿನ ಇನ್ನೊಂದು ಗುಂಪು ಬಂತು, ಹೈದರಾಬಾದಿನ ಹುಡುಗರು. ಅವರು ಜೋರು ಮಾಡಿದರು. ಗೇಟಿನ ಹತ್ತಿರ ಜನ ಸೇರಿದರು.

ಸಿಗ್ನಲ್ ಬಂದ ಮೇಲೆ 1930ಕ್ಕೆ ಫೋನ್ ಮಾಡಿಸಿದೆವು. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ದುಡ್ಡು ಹೋದ ಕೂಡಲೇ ಮಾಡಿದರೆ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಇವರು ಹಾಕಿ ಆಗಲೇ ವಾರದ ಮೇಲಾಗಿತ್ತು. ದುಡ್ಡು ಹೋದದ್ದು ಬೇರೆ ಯಾವುದೋ ರಾಜ್ಯದ, ಬೇರೆ ಯಾರದೋ ಹೆಸರಿನ ಖಾತೆಗೆ. ಆದರೆ ಕಾರ್ಡು ನನ್ನದು ತಾನೇ? ಹಾಗಾಗಿ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಡಬೇಕಾದವಳು ನಾನು.

ಇದಕ್ಕಿಂತ ಜಾಸ್ತಿ ಉರಿದದ್ದು ವಿಮರ್ಶೆಗಳು. ಮೋಸ ಹೋದವರು ಸಿಟ್ಟಿನಲ್ಲಿ ನಮ್ಮ ಹೋಂಸ್ಟೇಗೆ ಒಂದು ಸ್ಟಾರ್ ಕೊಟ್ಟು "ಕಳ್ಳರು" ಅಂತ ಬರೆದರು. ಒಬ್ಬರು ತೆಲುಗಿನಲ್ಲಿ, ಒಬ್ಬರು ಹಿಂದಿಯಲ್ಲಿ. ಅದೇ ಯಂತ್ರ, ಜರ್ಮನಿಯವರಿಗೆ ಜರ್ಮನ್‌ನಲ್ಲಿ ತೋರಿಸುತ್ತೇನೆ ಅಂದಿತ್ತಲ್ಲ, ಅದು ಇದನ್ನೂ ಎಲ್ಲ ಭಾಷೆಗೂ ನೀಟಾಗಿ ಅನುವಾದ ಮಾಡಿ ಹಾಕಿತು. ನನ್ನ ಉತ್ತರ ಯಾರಿಗೂ ಬೇಕಾಗಲಿಲ್ಲ. ಸ್ಟಾರ್ ಲೆಕ್ಕಕ್ಕೆ ಉತ್ತರ ಸೇರುವುದಿಲ್ಲ.

ನನಗೆ ಅನ್ನಿಸುವುದು ಇದು. ಹಳ್ಳಿಯಲ್ಲಿ ಗುಟ್ಟು ಅನ್ನುವುದು ಯಾವತ್ತೂ ಇರಲಿಲ್ಲ. ನಮ್ಮ ಮನೆಗೆ ಯಾರು ಬಂದರು, ಕಾಫಿ ಎಷ್ಟಕ್ಕೆ ಕೊಟ್ಟೆವು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಸಂಜೆಯೊಳಗೆ ಊರಿಗೆ ಗೊತ್ತು. ಆದರೆ ಹೇಳಿದವರು ಯಾರು ಅಂತ ನಮಗೂ ಗೊತ್ತಿರುತ್ತದೆ. ಮಾತು ಮಿತಿ ಮೀರಿದರೆ ಹೋಗಿ ಅವರ ಜಗಲಿಯಲ್ಲೇ ಕೂತು ಕೇಳಬಹುದು. ಸಂತೆಯಲ್ಲಿ ಮುಖ ನೋಡಬೇಕಲ್ಲ ಅನ್ನುವ ಅಂಜಿಕೆ ಅವರಿಗೂ ಇರುತ್ತದೆ. ಈಗ ಜಗತ್ತೇ ಒಂದೂರು ಆಗುತ್ತಿದೆ ಅನ್ನುತ್ತಾರೆ. ಆ ಊರಿನಲ್ಲಿ ನಮ್ಮ ಅಡುಗೆಮನೆಯ ವಿಡಿಯೊ ಎಲ್ಲರ ಹತ್ತಿರ ಇದೆ, ಅವರ ಬಾಗಿಲು ಮಾತ್ರ ಎಲ್ಲಿದೆ ಅಂತ ನಮಗೆ ಗೊತ್ತಿಲ್ಲ. ದೂರು ಕೊಟ್ಟರೆ ಉತ್ತರ ಬರೆಯುವುದು ಮನುಷ್ಯನೋ ಯಂತ್ರವೋ ಅದೂ ಗೊತ್ತಿಲ್ಲ. ನನ್ನ ತಕರಾರು ತಂತ್ರಜ್ಞಾನದ ಮೇಲಲ್ಲ, ಈ ಒಂದೇ ಕಡೆಯ ಕಿಟಕಿಯ ಮೇಲೆ.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದಾರೆ. ಆ ಕೇಸಿನ ಮೂಲ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದರು. ಆಮೇಲೆ 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತಲೇ ಕಾಯ್ದೆ ಬಂತು. ಮಾಹಿತಿ ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು ಅಂತ ಅದರಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಹೋಗುವುದು ಸರ್ಕಾರದ ಖಜಾನೆಗೆ. ಮಾನ ಕಳೆದುಕೊಂಡವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

ಇನ್ನೊಂದು ವಿಷಯ ಬಹಳ ಜನ ಮರೆತಿದ್ದಾರೆ. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಸೂಚನೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಸಿಕ್ಕವರಿಗೆಲ್ಲ ಕೊಡಬೇಡಿ, ದುರುಪಯೋಗ ಆಗಬಹುದು, ನಂಬರು ಪೂರ್ತಿ ಕಾಣದ ಹಾಗೆ ಮಾಸ್ಕ್ ಮಾಡಿದ ಆಧಾರ್ ಕೊಡಿ ಅಂತ. ಜನ ತಪ್ಪು ತಿಳಿಯಬಹುದು ಅಂತ ಎರಡೇ ದಿನದಲ್ಲಿ ಕೇಂದ್ರದವರು ಅದನ್ನು ವಾಪಸ್ ತೆಗೆದುಕೊಂಡರು. ನನ್ನ ಕೇಳಿದರೆ, ಆ ಸೂಚನೆಯಲ್ಲಿ ತಪ್ಪು ತಿಳಿಯುವಂಥದ್ದು ಏನೂ ಇರಲಿಲ್ಲ.

ಸೂಚನೆ ಹೋಯಿತು, ಮಾಸ್ಕ್ ಮಾಡುವ ಸೌಲಭ್ಯ ಹಾಗೇ ಇದೆ. ಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ ಅನ್ನುವುದನ್ನು ಆರಿಸಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ನಂಬರೇ ಬೇಕು ಅನ್ನುವವರಿಗೆ 16 ಅಂಕಿಯ ವರ್ಚುವಲ್ ಐಡಿ ಕೊಡಬಹುದು, ಬೇಡ ಅನ್ನಿಸಿದಾಗ ಬದಲಾಯಿಸಬಹುದು. ಆದರೆ ನಮ್ಮ ಪ್ರಕರಣದಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಇವಕ್ಕಿಂತ ಸರಳವಾದದ್ದು: ಪ್ರತಿಯ ಮೇಲೆ, ಫೋಟೊ ಮತ್ತು ಹೆಸರು ದಾಟುವ ಹಾಗೆ ಅಡ್ಡಲಾಗಿ, "ಇಂಥ ಕಂಪನಿಯ ನೋಂದಣಿಗೆ ಮಾತ್ರ" ಅಂತ ಬರೆದು ತಾರೀಕು ಹಾಕುವುದು. ಹಾಗೆ ಬರೆದಿದ್ದ ಕಾರ್ಡನ್ನು ಬೆಂಗಳೂರಿನ ಆ ಕುಟುಂಬಕ್ಕೆ ತೋರಿಸಿ ನಂಬಿಸುವುದು ಕಷ್ಟ ಆಗುತ್ತಿತ್ತು. ಮೂಲ ಕಾರ್ಡನ್ನು ಕೈಯಲ್ಲಿ ಹಿಡಿದು ಬೇರೆಯವರ ಫೋನಿನಲ್ಲಿ ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ.

ಬೆರಳಚ್ಚನ್ನೂ ಲಾಕ್ ಮಾಡಿಬಿಡಿ. ಆಧಾರ್ ಪ್ರಾಧಿಕಾರದ ಆಪ್‌ನಲ್ಲಿ ಆಗುತ್ತದೆ, ಬೇಕಾದಾಗ ತೆರೆಯಬಹುದು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು ನಕಲು ಮಾಡಿ, ಒಟಿಪಿ ಇಲ್ಲದೆ, ಆಧಾರ್ ಮೂಲಕವೇ ಬ್ಯಾಂಕಿನ ದುಡ್ಡು ಎಳೆದ ಪ್ರಕರಣಗಳು ಆದವು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿ. ನಾನೂ ನೋಡಿದೆ. ನನ್ನದಲ್ಲದ ಒಂದು ಇತ್ತು, ನನ್ನದಲ್ಲ ಅಂತ ಅಲ್ಲೇ ದೂರು ಹಾಕಿದ್ದೇನೆ.

ಹೋಂಸ್ಟೇಯವರ ಹತ್ತಿರವೇ ಇನ್ನೊಂದು ಮಾತು. ಅತಿಥಿಗಳ ಗುರುತಿನ ಚೀಟಿ ಪೊಲೀಸರಿಗಾಗಿ ನಾವು ನೋಡಲೇಬೇಕು. ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ಹಾಕಲೇಬೇಕು. ಅಲ್ಲಿಗೆ ಸರಿ. ಆದರೆ ಬಂದವರ ಆಧಾರ್ ಎಲ್ಲ ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಅದು ಗ್ಯಾಲರಿಯಲ್ಲಿ ಸೇರಿ, ಮೊಮ್ಮಕ್ಕಳು ಗೇಮ್ ಆಡುವ ಫೋನಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ನಮ್ಮ ಕಡೆ ಇದು ಎಲ್ಲರ ಮನೆ ಕಥೆ. ರಿಜಿಸ್ಟರಿಗೆ ಬೇಕಾದ್ದು ಬರೆದುಕೊಂಡ ಮೇಲೆ ಅಳಿಸಿಬಿಡಿ. ಇನ್ನೊಬ್ಬರ ಮನೆ ಗೇಟಿನಲ್ಲಿ ಅವರ ಕಾರ್ಡಿನ ಜಗಳ ಆಗುವುದು ಬೇಡ.

ಪ್ರವಾಸಕ್ಕೆ ಬರುವವರಿಗೆ: ಆಧಾರ್ ಕಳಿಸಿದರು ಅಂತ ನಂಬಬೇಡಿ. ಕೇಳದೇನೇ ಆಧಾರ್ ಕಳಿಸುವವರನ್ನು ಮೊದಲು ಅನುಮಾನಿಸಿ, ಯಾವ ಹೋಂಸ್ಟೇಯವರೂ ಸುಮ್ನೆ ತಮ್ಮ ಕಾರ್ಡು ಹಂಚುವುದಿಲ್ಲ. ದುಡ್ಡು ಹಾಕುವಾಗ ಯುಪಿಐನಲ್ಲಿ ಬರುವ ಹೆಸರು ಓದಿ. ವಿಡಿಯೊ ಕಾಲ್ ಮಾಡಿ ಮನೆ ತೋರಿಸಿ ಅನ್ನಿ. ಸಿಗ್ನಲ್ ಇಲ್ಲ ಅಂದರೆ ಅದು ನಿಜವೂ ಇರಬಹುದು, ಇದು ಕೊಡಗು. ಆಗ ಮಡಿಕೇರಿಯ ಪ್ರವಾಸೋದ್ಯಮ ಇಲಾಖೆಗೆ ಫೋನ್ ಮಾಡಿ, ನೋಂದಣಿ ಇದೆಯಾ ಅಂತ ಕೇಳಿ.

ನಮ್ಮ ಮಾಹಿತಿ ಪೂರ್ತಿ ಅಳಿಸಿ ಅಂತ ಆ ಕಂಪನಿಗೆ ಬರೆಯುತ್ತಲೇ ಇದ್ದೇನೆ. ಮೊದಮೊದಲು "ನಿಮ್ಮ ದೂರು ಪರಿಹಾರವಾಗಿದೆ" ಅಂತ ತಾನಾಗಿ ಬರುವ ಉತ್ತರ. ಮೊನ್ನೆ ಬೇರೆ ಉತ್ತರ ಬಂತು. ಅಳಿಸಬೇಕಾದರೆ ಕೇಳುತ್ತಿರುವುದು ನಾನೇ ಅಂತ ಸಾಬೀತು ಮಾಡಬೇಕಂತೆ, ಆಧಾರ್ ಕಾರ್ಡನ್ನು ಮುಖದ ಪಕ್ಕ ಹಿಡಿದ ಹೊಸ ಫೋಟೊ ಬೇಕಂತೆ! ಮಾಸ್ಕ್ ಮಾಡಿದ ಪ್ರತಿಯ ಮೇಲೆ "ಖಾತೆ ಅಳಿಸಲು ಮಾತ್ರ" ಅಂತ ದಪ್ಪಗೆ ಬರೆದು ಕಳಿಸಿದೆ. ದಾಖಲೆ ಸ್ಪಷ್ಟವಾಗಿಲ್ಲ ಅಂತ ತಿರಸ್ಕರಿಸಿದ್ದಾರೆ. ಮತ್ತೆ ಅದನ್ನೇ ಕಳಿಸಿದ್ದೇನೆ. ಸದ್ಯಕ್ಕೆ ನಮ್ಮಲ್ಲಿ ಬುಕಿಂಗ್ ಫೋನಿನಲ್ಲಿ ಮಾತ್ರ, ಅಡ್ವಾನ್ಸ್ ಯಾರಿಂದಲೂ ತೆಗೆದುಕೊಳ್ಳುತ್ತಿಲ್ಲ. ನಮ್ಮ ಹೆಸರಿನಲ್ಲಿ ಯಾರಾದರೂ ಅಡ್ವಾನ್ಸ್ ಕೇಳಿದರೆ ಹಾಕಬೇಡಿ, ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.